1930ನ್ನು ಬಿಡಿಸಿ ನೋಡುವುದು ಹೇಗೆ?

ಮುಳ್ಳಯ್ಯನಗಿರಿಯ ಎತ್ತರ ಎಷ್ಟು ಅಂದರೆ ಚಿಕ್ಕಮಗಳೂರಿನ ಮಕ್ಕಳು ಥಟ್ಟನೆ 1930 ಮೀಟರ್ ಅನ್ನುತ್ತಾರೆ. ಎತ್ತರ ಹಾಗಿರಲಿ. ಇವತ್ತು ಬರೀ ಸಂಖ್ಯೆಯನ್ನು ಹಿಡಿಯೋಣ. ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಕ್ಯಾಲ್ಕುಲೇಟರ್ ಬೇಡ, 13ರ ಮಗ್ಗಿ ಬಂದರೆ ಸಾಕು.

ಮೊದಲ ಹೆಜ್ಜೆ, ಒಡೆಯುವುದು. ಕೊನೆಯಲ್ಲಿ ಸೊನ್ನೆ ಇದೆ, ಹಾಗಾಗಿ 10 ಸುಲಭವಾಗಿ ಹೊರಬರುತ್ತದೆ: 1930 = 2 × 5 × 193. ಈಗ 193 ಇನ್ನೂ ಒಡೆಯುತ್ತದಾ? 14ರ ವರ್ಗ 196, ಅದು 193ನ್ನು ದಾಟಿತು. ಆದ್ದರಿಂದ 13ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ನೋಡಿದರೆ ಸಾಕು. 2, 3, 5 ಹೋಗುವುದಿಲ್ಲ. 7ರಿಂದ ಭಾಗಿಸಿದರೆ ಶೇಷ 4, 11ರಿಂದ 6, 13ರಿಂದ 11. ಅಂದರೆ 193 ಅವಿಭಾಜ್ಯ.

 

ಎರಡನೇ ಹೆಜ್ಜೆಯಲ್ಲಿ ಮಜಾ ಶುರು. 1930ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? ಸುಮ್ನೆ ಹುಡುಕುತ್ತಾ ಕೂರುವ ಮೊದಲು ಒಂದು ಪರೀಕ್ಷೆ ಇದೆ. ಬೆಸ ಅವಿಭಾಜ್ಯವನ್ನು 4ರಿಂದ ಭಾಗಿಸಿ. ಶೇಷ 1 ಬಂದರೆ ಅದು ಎರಡು ವರ್ಗಗಳ ಮೊತ್ತವಾಗುತ್ತದೆ, 3 ಬಂದರೆ ಆಗುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಇದನ್ನು ಒಂದು ಪತ್ರದಲ್ಲಿ ಬರೆದ. ಅದು ನಿಜವೆಂದು ಸಾಧಿಸಿ ತೋರಿಸಲು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್‌ ಬರಬೇಕಾಯಿತು, ನೂರು ವರ್ಷ ಜಾಸ್ತಿಯೇ ಹಿಡಿಯಿತು. ನಮ್ಮ 5, 193 ಎರಡಕ್ಕೂ ಶೇಷ 1. ಪಾಸು!

193ರಿಂದ ದೊಡ್ಡ ವರ್ಗಗಳನ್ನು ಒಂದೊಂದಾಗಿ ಕಳೆಯಿರಿ. 169 ಕಳೆದರೆ 24, ಅದು ವರ್ಗವಲ್ಲ. 144 ಕಳೆದರೆ 49. ಸಿಕ್ಕಿತು: 193 = 12² + 7². ಇನ್ನು 10 = 3² + 1², ಇದು ಕಣ್ಣಿಗೇ ಕಾಣುತ್ತದೆ.

ಈಗ ಎರಡನ್ನೂ ಜೋಡಿಸುವ ಉಪಾಯ. ಇದು ಗ್ರೀಕರ ಡಯೊಫ್ಯಾಂಟಸ್‌ಗೆ ಗೊತ್ತಿತ್ತು. 628ರ ‘ಬ್ರಾಹ್ಮಸ್ಫುಟ ಸಿದ್ಧಾಂತ’ದಲ್ಲಿ ಬ್ರಹ್ಮಗುಪ್ತ ಇದನ್ನು ಇನ್ನೂ ವಿಶಾಲವಾದ ರೂಪದಲ್ಲಿ ಕೊಟ್ಟ. 12, 7 ಒಂದು ಜೋಡಿ. 3, 1 ಇನ್ನೊಂದು. ನೇರ ಗುಣಿಸಿದರೆ 36 ಮತ್ತು 7. ಅಡ್ಡ ಗುಣಿಸಿದರೆ 12 ಮತ್ತು 21. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಕಳೆಯಬೇಕು, ಅಷ್ಟೇ ನಿಯಮ.

36 + 7 = 43, 21 − 12 = 9. ಹಾಗಾಗಿ 43² + 9² = 1849 + 81 = 1930.

36 − 7 = 29, 21 + 12 = 33. ಹಾಗಾಗಿ 29² + 33² = 841 + 1089 = 1930.

ಎರಡು ದಾರಿ. ಮೂರನೆಯದು ಇಲ್ಲ, ಬೇಕಾದರೆ ಹುಡುಕಿ ನೋಡಿ.

ಇದರಲ್ಲಿ ಬೆಟ್ಟದ ಮಹಿಮೆ ಏನಾದರೂ ಇದೆಯಾ? ಏನೂ ಇಲ್ಲ. ಅದೇ ಎತ್ತರವನ್ನು ಅಡಿಗಳಲ್ಲಿ 6330 ಅಂತ ಬರೆಯುತ್ತಾರೆ. ಅದು 2 × 3 × 5 × 211. ಇಲ್ಲಿ 3, 211 ಎರಡೂ ಶೇಷ 3ರ ಪೈಕಿ. ಅಂಥ ಒಂದು ಅವಿಭಾಜ್ಯ ಬೆಸ ಸಲ ಬಂದರೂ ಕೆಲಸ ಕೆಟ್ಟಿತು. 6330ನ್ನು ಎರಡು ವರ್ಗಗಳಾಗಿ ಬರೆಯಲು ಯಾರಿಂದಲೂ ಆಗದು. ಬೆಟ್ಟ ಅದೇ, ಅಳತೆಗೋಲು ಬದಲಾಯಿತು ಅಷ್ಟೇ, ಅಲ್ವಾ?

ಕೈ ಪಳಗಿಸಿಕೊಳ್ಳಲು ಇನ್ನೊಂದು. ಹಾಸನದ ಗಾಡಿಗಳಿಗೆ ಕೆಎ–13, ಚಿಕ್ಕಮಗಳೂರಿನವಕ್ಕೆ ಕೆಎ–18. 13 = 2² + 3², 18 = 3² + 3². ಗುಣಿಸಿದರೆ 234. ಅದನ್ನು ಎರಡು ವರ್ಗಗಳಾಗಿ ಬಿಡಿಸಿ. (ಉತ್ತರ: 15 ಮತ್ತು 3.)