ಎಡಗೈ ಬೇಸ್ ಗಿಟಾರ್‌ಗೆ ಹಳೆಯ ಹಾರ್ಡ್ ಕೇಸ್: ಆರಿಸುವುದು, ಹೊಂದಿಸುವುದು ಹೇಗೆ?

ಬಲಗೈಯವರ ಬೇಸ್ ಗಿಟಾರ್‌ಗೆಂದು ಮಾಡಿದ ಹಳೆಯ ಗಟ್ಟಿ ಪೆಟ್ಟಿಗೆಯಲ್ಲಿ, ಅಂದರೆ ಹಾರ್ಡ್ ಕೇಸಿನಲ್ಲಿ, ಎಡಗೈಯವರ ಬೇಸ್ ಇಟ್ಟು ನೋಡಿ. ನೆಕ್, ಅಂದರೆ ಬೇಸಿನ ಉದ್ದ ಕೋಲಿನಂಥ ಭಾಗ, ತನ್ನ ಜಾಗಕ್ಕೆ ಹೋಗುತ್ತದೆ. ಆದರೆ ಅಗಲವಾದ ಬಾಡಿಯಿಂದ ಮುಂದೆ ಚಾಚಿದ ಉದ್ದ ಕೊಂಬು ಪಕ್ಕದ ಮೆತ್ತೆಯ ಮೇಲೆ ಹತ್ತಿ ಕೂರುತ್ತದೆ. ಅದನ್ನು ಒತ್ತಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಹೊರಗಿನಿಂದ ಟೇಪ್ ಹಿಡಿದರೆ ಉದ್ದ, ಅಗಲ ಎಲ್ಲ ಸರಿ ಇರುತ್ತದೆ. ಒಳಗೆ ಮಾತ್ರ ಎಲ್ಲವೂ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ.

ಎಡಗೈಯವರಿಗೆ ತಯಾರಾದ ಬೇಸ್‌ಗಳೇ ಕಡಿಮೆ. ಅವುಗಳ ಕೇಸ್ ಇನ್ನೂ ಕಡಿಮೆ. ಹಾಗಂತ ಸಿಕ್ಕಿದ ಕೇಸಿಗೆ ಬೇಸ್ ತುರುಕುವುದು ಬೇಡ. ನಾನು ಎಡಗೈಯಲ್ಲೇ ನುಡಿಸುವವನು. ಇಷ್ಟು ವರ್ಷಗಳಲ್ಲಿ ಕಲಿತದ್ದು ಇಷ್ಟೇ: ಕೇಸನ್ನು ಹೊರಗಿನಿಂದ ನೋಡಿ ಆರಿಸಬಾರದು, ಒಳಗಿನಿಂದ ಆರಿಸಬೇಕು. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

1. ಮೊದಲು ಕಾಗದದ ಅಚ್ಚು

ನಾಲ್ಕಾರು ಹಳೆಯ ಪತ್ರಿಕೆಯ ಹಾಳೆಗಳನ್ನು ಟೇಪಿನಿಂದ ಅಂಟಿಸಿ ಉದ್ದ ಮಾಡಿಕೊಳ್ಳಿ. ಫೆಂಡರ್ ಕಂಪನಿಯ ಪ್ರಿಸಿಷನ್ ಮಾದರಿಯ ಥರದ ಬೇಸ್ ಸುಮಾರು 117 ಸೆಂಟಿಮೀಟರ್ ಉದ್ದ ಇರುತ್ತದೆ, ಹಾಳೆ ಅದಕ್ಕಿಂತ ಒಂದು ಗೇಣು ಜಾಸ್ತಿ ಇರಲಿ. ಬೇಸನ್ನು ಬೆನ್ನಿನ ಮೇಲೆ ಮಲಗಿಸಿ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಹೆಗಲಿಗೆ ಹಾಕುವ ಸ್ಟ್ರ್ಯಾಪ್ ಸಿಕ್ಕಿಸುವ ಗುಂಡಿಗಳು ಎಲ್ಲಿ ಬರುತ್ತವೆ ಅಂತಲೂ ಗುರುತು ಹಾಕಿ, ಜನ ಮರೆಯುವುದೇ ಅದನ್ನು. ಗೆರೆ ಇರುವ ಬದಿಗೆ ದೊಡ್ಡದಾಗಿ ‘ಮೇಲೆ’ ಎಂದು ಬರೆದು ಅಚ್ಚನ್ನು ಕತ್ತರಿಸಿಕೊಳ್ಳಿ.

ಇನ್ನು ಯಾವ ಕೇಸ್ ನೋಡಲು ಹೋದರೂ ಈ ಅಚ್ಚು ಜೊತೆಗಿರಲಿ. ‘ಮೇಲೆ’ ಎಂಬ ಅಕ್ಷರ ಕಾಣುವಂತೆ ಇಟ್ಟಾಗ ಅಚ್ಚು ಎಲ್ಲೂ ಮಡಚದೆ ಕೂತರೆ ಕೇಸ್ ನಿಮ್ಮ ಬೇಸ್‌ಗೆ ಹೊಂದುತ್ತದೆ. ಅಕ್ಷರ ಕೆಳಗೆ ಮಾಡಿ ಮಗುಚಿದಾಗ ಮಾತ್ರ ಕೂತರೆ ಅದು ಬಲಗೈ ಕೇಸ್. ಬೇಸನ್ನೇ ಎತ್ತಿಕೊಂಡು ಓಡಾಡುವ ಕಷ್ಟ ಇಲ್ಲ.

2. ಯಾವ ಬಗೆಯ ಕೇಸ್?

ಹಳೆಯ ಕೇಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಉದ್ದ ಆಯತದ ಪೆಟ್ಟಿಗೆ. ಇನ್ನೊಂದು, ಬೇಸಿನ ಆಕಾರಕ್ಕೇ ಬಾಗಿಸಿದ ಕೇಸ್.

ಆಕಾರದ ಕೇಸ್ ಬಲಗೈಯದ್ದಾದರೆ ಬಿಟ್ಟುಬಿಡಿ. ಎಡಗೈ ಬೇಸ್ ಅದರೊಳಗೆ ಮುಖ ಕೆಳಗೆ ಮಾಡಿದರೆ ಮಾತ್ರ ಹಿಡಿಸುತ್ತದೆ. ಕೆಲವರು ಹಾಗೇ ಇಡುತ್ತಾರೆ ಕೂಡ. ಆಗ ಬೇಸಿನ ಭಾರವೆಲ್ಲ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ), ತಂತಿ ಮತ್ತು ದನಿ ಹೊಂದಿಸುವ ನಾಬ್‌ಗಳ ಮೇಲೆ ಬೀಳುತ್ತದೆ. ನೆಕ್‌ಗೆ ಆಧಾರವೇ ಇರುವುದಿಲ್ಲ. ಒಂದು ದಿನದ ಮಟ್ಟಿಗೂ ಹೀಗೆ ಇಡಬೇಡಿ.

ಆಯತದ ಪೆಟ್ಟಿಗೆಯಲ್ಲಿ ಆಸೆ ಇದೆ. ಹೊರಮೈಗೆ ಎಡ ಬಲ ಎಂಬುದಿಲ್ಲ, ಒಳಗಿನ ಮೆತ್ತೆಗಳಿಗೆ ಮಾತ್ರ ಇದೆ. ಫೆಂಡರ್‌ನ ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ, ಅದೇ ಕಂಪನಿಯ ಜಾಜ್ ಬೇಸ್ 1960ರಲ್ಲಿ. ಫೆಂಡರ್ ಕೇಸ್‌ಗಳ ಮೈ ನೋಡಿದರೆ ಕಾಲ ಅಂದಾಜಿಗೆ ಸಿಗುತ್ತದೆ. 1950ರ ದಶಕದಲ್ಲಿ ಹಳದಿ ಬಣ್ಣದ ಟ್ವೀಡ್ ಬಟ್ಟೆ. 1960ರ ದಶಕದ ಆರಂಭದಲ್ಲಿ ಕಂದು ಟೋಲೆಕ್ಸ್ ಎಂಬ ವಿನೈಲ್ ಹೊದಿಕೆ, ಆಮೇಲೆ ಬಿಳಿ, ದಶಕದ ನಡುವಿನಿಂದ ಕಪ್ಪು. 1980ರ ದಶಕಕ್ಕೆ ಬರುವಾಗ ಅಚ್ಚು ಹಾಕಿದ ಕಪ್ಪು ಪ್ಲಾಸ್ಟಿಕ್. ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದ ಟ್ವೀಡ್ ಕೇಸ್‌ಗಳೂ ಸಾಕಷ್ಟಿವೆ. ಅವು ಬಳಸಲು ಚೆನ್ನಾಗೇ ಇರುತ್ತವೆ, ಹಳೆಯದು ಅಂತ ನಂಬಿ ಕೊಳ್ಳಬಾರದು ಅಷ್ಟೇ. ನಿಜವಾದ ಹಳೆಯ ಟ್ವೀಡ್ ಹಿಡಿಯ ಸುತ್ತ ಕೈಯ ಜಿಡ್ಡಿಗೆ ಕಪ್ಪಾಗಿರುತ್ತದೆ, ಮೂಲೆಗಳಲ್ಲಿ ನೂಲು ಎದ್ದಿರುತ್ತದೆ. ಎಲ್ಲ ಕಡೆ ಒಂದೇ ಬಣ್ಣ ಇದ್ದರೆ ಅನುಮಾನ ಪಡಿ.

ಇನ್ನು ಎಡ ಬಲದ ತೊಂದರೆಯೇ ಇಲ್ಲದ ಬೇಸ್‌ಗಳೂ ಇವೆ. ಹಾಫ್ನರ್ ಕಂಪನಿಯ 500/1 ಮಾದರಿಯ ಬಾಡಿ ಪಿಟೀಲಿನ ಹಾಗೆ ಎರಡೂ ಕಡೆ ಒಂದೇ ಥರ. ಹಾಗಾಗಿ ಬಲಗೈ ಕೇಸ್ ಎಡಗೈಯದ್ದಕ್ಕೂ ಆಗುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಇದೇ ಬೇಸ್, ಎಡಗೈಯದ್ದು. ಅದು 1972ರಲ್ಲಿ ಲಂಡನ್ನಿನಲ್ಲಿ ಕಳುವಾಯಿತು. ಮತ್ತೆ ಸಿಕ್ಕಿದ ಸುದ್ದಿ ಹೊರಬಂದದ್ದು 2024ರಲ್ಲಿ. ಐವತ್ತು ವರ್ಷದ ಮೇಲೆ, ಅದರ ಮೂಲ ಕೇಸ್ ಸಮೇತ! ರಿಪೇರಿ ಬೇಕಿತ್ತು ನಿಜ, ಆದರೂ ಬಿಡಿಭಾಗಗಳು ಚದುರದೆ ಇಡಿಯಾಗಿ ಉಳಿದಿತ್ತು. ಆ ಸುದ್ದಿ ಓದಿದ ದಿನ ನಾನು ಬೇಸಿಗಿಂತ ಕೇಸಿನ ಬಗ್ಗೆಯೇ ಜಾಸ್ತಿ ಯೋಚಿಸಿದೆ.

3. ಮಖಮಲ್ಲಿನ ಗುರುತು ನೋಡಿ

ನನಗೆ ತುಂಬ ಇಷ್ಟವಾದ ಕೆಲಸ ಇದು. ಹತ್ತಾರು ವರ್ಷ ಒಂದೇ ಬೇಸ್ ಮಲಗಿದ ಕೇಸಿನ ಮಖಮಲ್ಲು ಆ ಬೇಸನ್ನು ಮರೆತಿರುವುದಿಲ್ಲ. ಎಲ್ಲಿ ಒತ್ತಡ ಬಿದ್ದಿದೆಯೋ ಅಲ್ಲಿ ಅದರ ಕೂದಲು ಮಲಗಿ ಹೊಳೆಯುತ್ತದೆ.

ಕೇಸನ್ನು ನೆಲದ ಮೇಲೆ ತೆರೆದಿಡಿ, ನೆಕ್ ಭಾಗ ನಿಮ್ಮಿಂದ ಆಚೆಗೆ ಇರಲಿ. ಟಾರ್ಚನ್ನು ಮಖಮಲ್ಲಿಗೆ ಸಮನಾಗಿ, ಓರೆಯಾಗಿ ಹಿಡಿಯಿರಿ. ಮೇಲಿನಿಂದ ನೇರ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಪುಟ್ಟ ಪುಟ್ಟ ಗುಳಿಗಳು ಎದ್ದು ಬರುತ್ತವೆ. ಉದ್ದ ಕೊಂಬಿನ ತುದಿಯ ಸ್ಟ್ರ್ಯಾಪ್ ಗುಂಡಿ ಕಡಲೆಕಾಳಿನಷ್ಟು ಗುಳಿ ಮಾಡಿರುತ್ತದೆ. ಆ ಗುಳಿ ಎಡಕ್ಕಿದ್ದರೆ ಅಲ್ಲಿ ಮಲಗಿದ್ದು ಬಲಗೈ ಬೇಸ್. ಬಲಕ್ಕಿದ್ದರೆ ಎಡಗೈ ಬೇಸ್.

ಮುಚ್ಚಳದ ಒಳಗೆ ನೋಡುವಾಗ ಜೋಪಾನ. ಮುಚ್ಚಳ ಪುಸ್ತಕದ ಹಾಳೆಯ ಹಾಗೆ ಮಗುಚುತ್ತದೆ, ಹಾಗಾಗಿ ಅಲ್ಲಿನ ಗುರುತು ತಿರುಗುಮುರುಗಾಗಿ ಕಾಣುತ್ತದೆ. ನಾಬ್‌ಗಳ ಗುಂಡನೆಯ ಅಚ್ಚು ತೆರೆದ ಮುಚ್ಚಳದಲ್ಲಿ ಕೆಳಗೆ ಬಲಕ್ಕೆ ಇದ್ದರೆ ಅದು ಎಡಗೈ ಬೇಸಿನದ್ದು. ಬ್ರಿಡ್ಜ್ ಮೇಲಿನ ಕ್ರೋಮ್ ಕವರ್ ಒತ್ತಿದ ಗುರುತು ತುಂಬ ಢಾಳಾಗಿರುತ್ತದೆ, ಆದರೆ ಅದು ನಡುವೆ ಬರುವುದರಿಂದ ಎಡವೋ ಬಲವೋ ಹೇಳುವುದಿಲ್ಲ.

ಫೋಟೊ ನೋಡಿ ಕೊಳ್ಳುವವರಿಗೆ ಒಂದು ಮಾತು. ಕೆಲವು ಫೋಟೊಗಳು ಕನ್ನಡಿಯ ಹಾಗೆ ತಿರುಗಿರುತ್ತವೆ. ಬಲಗೈ ಕೇಸ್ ಎಡಗೈಯದ್ದಾಗಿ ಕಾಣುತ್ತದೆ. ಚಿಲಕದ ಮೇಲೋ ಲೇಬಲ್ ಮೇಲೋ ಇರುವ ಅಕ್ಷರ ನೆಟ್ಟಗೆ ಓದಲು ಬರುತ್ತದೆಯೇ ನೋಡಿ. ಇಲ್ಲದಿದ್ದರೆ ಪಕ್ಕದಲ್ಲಿ ಬರೆದ ಚೀಟಿ ಇಟ್ಟು ಇನ್ನೊಂದು ಫೋಟೊ ಕೇಳಿ.

4. ಹಿಡಿ, ಚಿಲಕ, ಕೀಲು

ಚರ್ಮದ ಹಿಡಿಯನ್ನು ನಂಬಬೇಡಿ. ನೋಡಲು ಗಟ್ಟಿಯಾಗೇ ಇರುತ್ತದೆ, ಒಳಗೆ ಒಣಗಿ ಹಪ್ಪಳವಾಗಿರುತ್ತದೆ. ನನ್ನ ಮೊದಲ ಹಳೆಯ ಕೇಸಿನ ಹಿಡಿ ಮೆಟ್ಟಿಲ ಮೇಲೆ ಕಿತ್ತು ಬಂತು. ಕೇಸ್ ಮೂರು ಮೆಟ್ಟಿಲು ಉರುಳಿತು. ಬೇಸ್‌ಗೆ ಏನೂ ಆಗಲಿಲ್ಲ, ಆದರೆ ಎದೆ ಹೊಡೆದುಕೊಂಡದ್ದು ಇನ್ನೂ ನೆನಪಿದೆ. ಹಿಡಿಯನ್ನು ಮೆಲ್ಲಗೆ ಬಾಗಿಸಿ, ಲೋಹದ ಬಳೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಹೊಸ ಹಿಡಿ ಹಾಕಿಸಿ, ಹಳೆಯದನ್ನು ಎತ್ತಿಡಿ.

ಪರೀಕ್ಷೆಗೆ ಬೇಸ್ ಬೇಡ. ಬೇಸಿನಷ್ಟೇ ತೂಕದ, ಅಂದರೆ ಸುಮಾರು 4 ಕಿಲೊ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಚಿಲಕ ಹಾಕಿ, ಹಾಸಿಗೆಯ ಮೇಲೆ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿ. ಚಿಲಕ ತಾನಾಗೇ ತೆರೆದುಕೊಂಡರೆ ಅದರ ರಿವೆಟ್ ಸಡಿಲವಾಗಿದೆ ಎಂದರ್ಥ. ರಿವೆಟ್ ಬದಲಿಸುವುದು ಚಿಕ್ಕ ಕೆಲಸ. ಆದರೆ ಮುಚ್ಚಳವೇ ಸೊಟ್ಟಗಾಗಿ ಒಂದು ಮೂಲೆ ಎದ್ದು ನಿಂತಿದ್ದರೆ ಅದು ಮತ್ತೆ ನೇರವಾಗುವುದು ಕಷ್ಟ, ಅಂಥದ್ದನ್ನು ನಾನು ಕೊಳ್ಳುವುದಿಲ್ಲ. ತುಕ್ಕಿಗೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ.

5. ಮುಗ್ಗಲು ವಾಸನೆ

ಹಳೆಯ ಕೇಸ್ ಅಂದಮೇಲೆ ವಾಸನೆ ಇದ್ದದ್ದೇ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮಖಮಲ್ಲಿನ ಹಿಂದಿನ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ. ಮೊದಲು ಬೂಷ್ಟು ಇದೆಯೇ ನೋಡಿ, ಇದ್ದರೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಆಮೇಲೆ ವ್ಯಾಕ್ಯೂಮ್ ಹಿಡಿಯಿರಿ. ಅಡುಗೆ ಸೋಡಾವನ್ನು ತೆಳ್ಳಗೆ ಉದುರಿಸಿ ಒಂದು ರಾತ್ರಿ ಬಿಟ್ಟು ಮತ್ತೆ ವ್ಯಾಕ್ಯೂಮ್ ಮಾಡಿ. ಒಂದೇ ಸಲಕ್ಕೆ ಹೋಗುವುದಿಲ್ಲ, ಮೂರು ನಾಲ್ಕು ಸಲ ಬೇಕು. ನಡುವೆ ಗಾಳಿಯಾಡುವ ನೆರಳಿನಲ್ಲಿ ತೆರೆದಿಡಿ. ಸುಡು ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಸೆಂಟು, ನುಸಿಗುಳಿಗೆ ಎರಡೂ ಬೇಡ.

ಮೆತ್ತೆಯೊಳಗಿನ ಹಳೆಯ ಫೋಮ್ ಪುಡಿಯಾಗಿ ಇಲ್ಲವೇ ಅಂಟಂಟಾಗಿ ಹೊರಗೆ ಬರುತ್ತಿದ್ದರೆ ಅದನ್ನು ಪೂರ್ತಿ ತೆಗೆಯಿರಿ. ಹಳೆಯ ಬೇಸ್‌ಗಳ ನೈಟ್ರೋಸೆಲ್ಯುಲೋಸ್ ಮೆರುಗಿಗೆ ರಬ್ಬರ್, ವಿನೈಲ್ ತಾಗಿಕೊಂಡೇ ಇದ್ದರೆ ಮೆರುಗು ಮೆತ್ತಗಾಗಿ ಕಲೆ ಬೀಳುತ್ತದೆ. ಆ ಕಲೆ ಹೋಗುವುದಿಲ್ಲ.

6. ಬಲಗೈ ಪೆಟ್ಟಿಗೆಯನ್ನು ಎಡಗೈಗೆ ಹೊಂದಿಸುವುದು

ಕೇಸ್ ತನ್ನ ಮೂಲ ಬೇಸಿನ ಜೊತೆಗೇ ಇದ್ದರೆ ದಯವಿಟ್ಟು ಕೈ ಹಾಕಬೇಡಿ. ಆ ಜೋಡಿ ಹಾಗೇ ಇರಲಿ. ಒಂಟಿಯಾಗಿ ಉಳಿದ ಆಯತದ ಕೇಸ್‌ಗೆ ಮಾತ್ರ ಈ ಕೆಲಸ. ಇಲ್ಲೂ ಒಂದು ನಿಯಮ ಇಟ್ಟುಕೊಳ್ಳಿ: ಏನು ಮಾಡಿದರೂ ಮುಂದೆ ಯಾರಾದರೂ ಅದನ್ನು ಮೊದಲಿನಂತೆ ಮಾಡಲು ಆಗಬೇಕು.

ಕಾಗದದ ಅಚ್ಚನ್ನು ಒಳಗಿಟ್ಟು ಯಾವ ಮೆತ್ತೆ ಅಡ್ಡ ಬರುತ್ತದೆ ಅಂತ ಗುರುತಿಸಿ. ಸಾಮಾನ್ಯವಾಗಿ ಒಂದೇ ಒಂದು ತುಂಡು ಅಡ್ಡ ಬರುತ್ತದೆ, ಉದ್ದ ಕೊಂಬು ಹೋಗಬೇಕಾದ ಜಾಗದ್ದು. ಅದು ಮಖಮಲ್ಲು ಸುತ್ತಿದ ಪ್ಲೈವುಡ್ ಅಥವಾ ಮರದ ತುಂಡಾಗಿದ್ದರೆ, ತೆಳ್ಳಗಿನ ಮೊಂಡು ಚಾಕುವನ್ನು ಅಡಿಗೆ ಸೇರಿಸಿ ನಿಧಾನವಾಗಿ ಎಬ್ಬಿಸಿ. ಒಣಗಿದ ಅಂಟು ಚಟಚಟ ಅನ್ನುತ್ತಾ ಬಿಡುತ್ತದೆ. ಬಿಡದಿದ್ದರೆ ನಿಲ್ಲಿಸಿ. ಎಳೆದರೆ ಮಖಮಲ್ಲು ಹರಿಯುತ್ತದೆ, ಆಗ ಮೆತ್ತೆ, ಕೇಸ್ ಎರಡೂ ಕೆಟ್ಟ ಹಾಗೆ.

ಈಗ ಹೊಸ ಮೆತ್ತೆ. ಬಿಳಿ ಪಾಲಿಎಥಿಲೀನ್ ಫೋಮ್ ತೆಗೆದುಕೊಳ್ಳಿ, ಟಿವಿ ಡಬ್ಬಿಗಳಲ್ಲಿ ಬರುವ ಮೃದುವಾದ ಜಾತಿಯದ್ದು. ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಹೊಲಿಯಿರಿ. ಅಂಟಿಸಬೇಡಿ, ಬಿಗಿಯಾಗಿ ಸೇರಿಸಿ ಇಟ್ಟರೆ ಸಾಕು. ಬಾಡಿ ಒಳಕ್ಕೆ ಬಾಗಿದ ಸೊಂಟದ ಎರಡೂ ಕಡೆ ಒಂದೊಂದು, ಬಾಡಿಯ ಹಿಂತುದಿಗೆ ಒಂದು. ಹಿಂತುದಿಯದ್ದಕ್ಕೆ ನಡುವೆ ಗುಳಿ ತೆಗೆಯಿರಿ, ಅಲ್ಲೊಂದು ಸ್ಟ್ರ್ಯಾಪ್ ಗುಂಡಿ ಇದೆಯಲ್ವಾ.

ಎಲ್ಲಕ್ಕಿಂತ ಮುಖ್ಯ ನೆಕ್ ಕೂರುವ ದಿಂಬು. ಹಳೆಯ ದಿಂಬು ನೇರವಾಗಿ ನೆಕ್ ಅಡಿಗೆ ಬಂದರೆ ಸರಿ. ಪಕ್ಕಕ್ಕೆ ಹೋದರೆ ಹೊಸದು ಮಾಡಿ. ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. ಮೊದಲ ಫ್ರೆಟ್‌ನಿಂದ ಐದನೆಯ ಫ್ರೆಟ್‌ವರೆಗೆ ನೆಕ್‌ನ ಬೆನ್ನು ಅದರ ಮೇಲೆ ಕೂರಬೇಕು. ನೆಕ್ ತುದಿಯ, ತಂತಿ ಬಿಗಿಸುವ ತಲೆಭಾಗವಾದ ಹೆಡ್‌ಸ್ಟಾಕ್ ಮಾತ್ರ ಎಲ್ಲಿಗೂ ತಾಗಬಾರದು, ಅದರ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಗಿಬ್ಸನ್ ಕಂಪನಿಯ ಬೇಸ್‌ಗಳ ಹಾಗೆ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿದ್ದರೆ ಬೆರಳಿನ ಬದಲು ಎರಡು ಬೆರಳು ಹೋಗುವಷ್ಟು ಬಿಡಿ. ಅಂಥವು ಮುರಿಯುವುದೇ ನೆಕ್ ಹೆಡ್‌ಸ್ಟಾಕ್‌ಗೆ ಸೇರುವಲ್ಲಿ, ಕೇಸ್ ಬಿದ್ದಾಗ ಹೆಡ್‌ಸ್ಟಾಕ್ ತಳಕ್ಕೆ ಬಡಿದು.

7. ಮುಚ್ಚುವ ಮುನ್ನ

ತೆಳ್ಳಗಿನ ನಾಲ್ಕು ಕಾಗದದ ಪಟ್ಟಿ ಕತ್ತರಿಸಿ. ಬ್ರಿಡ್ಜ್, ನಾಬ್, ನೆಕ್ ನಡುಭಾಗ, ಹೆಡ್‌ಸ್ಟಾಕ್ ಮೇಲೆ ಒಂದೊಂದು ಇಟ್ಟು, ತುದಿ ಹೊರಗೆ ಬರುವಂತೆ ಮುಚ್ಚಳ ಹಾಕಿ. ಈಗ ಒಂದೊಂದನ್ನೇ ಎಳೆಯಿರಿ. ನೆಕ್‌ನದ್ದು ಸ್ವಲ್ಪ ತಡೆದು ಬರಬೇಕು. ಉಳಿದ ಮೂರು ಸಲೀಸಾಗಿ ಬರಬೇಕು. ನಾಬ್‌ನ ಪಟ್ಟಿ ಸಿಕ್ಕಿಕೊಂಡರೆ ಮುಚ್ಚಳ ಅಲ್ಲಿ ಒತ್ತುತ್ತಿದೆ, ಬಾಡಿಯ ಅಡಿಯ ಮೆತ್ತೆ ತೆಳ್ಳಗೆ ಮಾಡಿ. ಆಮೇಲೆ ಚಿಲಕ ಹಾಕಿ, ಕೇಸನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ದಡ್ ಅಂದರೆ ಸೊಂಟದ ಮೆತ್ತೆ ಸಾಲದು.

ಒಳಗಿನ ಗಾಳಿಯ ತೇವ ಶೇ 45ರಿಂದ 55ರ ನಡುವೆ ಇದ್ದರೆ ಮರಕ್ಕೆ ಹಿತ. ಪುಟ್ಟ ತೇವಮಾಪಕವೊಂದನ್ನು ಕೇಸಿನೊಳಗೆ ಸಣ್ಣಪುಟ್ಟ ಸಾಮಾನು ಇಡುವ ಗೂಡಿನಲ್ಲಿ ಇಡಬಹುದು. ಇಷ್ಟೆಲ್ಲ ಮಾಡಿದ ಕೇಸನ್ನೂ ವಿಮಾನದ ಸಾಮಾನಿನ ಜೊತೆ ಹಾಕಬೇಡಿ, ಮನೆಗೆ ಮತ್ತು ಕಾರಿಗೆ ಅದು ಸರಿ.

ತೆಗೆದ ಹಳೆಯ ಮೆತ್ತೆ, ಹಳೆಯ ಹಿಡಿ, ರಿವೆಟ್ ಎಲ್ಲವನ್ನೂ ಒಂದು ಬಟ್ಟೆಯ ಚೀಲಕ್ಕೆ ಹಾಕಿ. ಯಾವ ತುಂಡು ಎಲ್ಲಿತ್ತು, ಯಾವಾಗ ತೆಗೆದಿರಿ ಅಂತ ಚೀಟಿ ಬರೆದು ಅದರೊಳಗಿಡಿ. ಆ ಚೀಲವೂ ಕೇಸಿನ ಗೂಡಿನಲ್ಲೇ ಇರಲಿ.