ಲಿನಕ್ಸ್ ಡೆಸ್ಕ್‌ಟಾಪ್‌ಗೆ ಹೊಂದಿಕೊಳ್ಳುವ ಬಗೆ

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹೊಸ ವಿಂಡೋಸ್ ಒಪ್ಪದ ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಕಂಪ್ಯೂಟರುಳ್ಳವರಿಗೆ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಒಳ್ಳೆಯ ದಾರಿಯಾಗಿದೆ. ಅದನ್ನು ಇನ್‌ಸ್ಟಾಲ್ ಮಾಡುವುದು ಈಗ ಕಷ್ಟವಲ್ಲ; ಕೈಗೆ ಅಂಟಿಕೊಂಡ ಹಳೆಯ ರೂಢಿಗಳನ್ನು ಬಿಡುವುದೇ ನಿಜವಾದ ಕಷ್ಟ. ಆದ್ದರಿಂದ ಮೊದಲು ತಂತ್ರಾಂಶಗಳನ್ನು ಬದಲಿಸಿ, ಆಮೇಲೆ ವ್ಯವಸ್ಥೆಯನ್ನು ಬದಲಿಸುವುದು ಲೇಸು.

ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್, ಜಾಲತಾಣಗಳಿಗೆ ಫೈರ್‌ಫಾಕ್ಸ್, ಇಮೇಲ್‌ಗೆ ಥಂಡರ್‌ಬರ್ಡ್, ಚಿತ್ರ ತಿದ್ದಲು ಜಿಂಪ್, ವಿಡಿಯೊ ನೋಡಲು ವಿಎಲ್‌ಸಿ ಇವೆಲ್ಲ ಲಿನಕ್ಸ್‌ನಂತೆ ವಿಂಡೋಸ್‌ನಲ್ಲೂ ನಡೆಯುತ್ತವೆ. ಕೆಲವು ವಾರ ಅಲ್ಲಿಯೇ ಇವುಗಳಲ್ಲಿ ಕೆಲಸ ಮಾಡಿ ನೋಡಿ. ಫೋಟೋಶಾಪ್‌ನಂತಹ ಲಿನಕ್ಸ್ ಆವೃತ್ತಿಯಿಲ್ಲದ ತಂತ್ರಾಂಶವನ್ನೇ ನಿಮ್ಮ ಉದ್ಯೋಗ ನೆಚ್ಚಿಕೊಂಡಿದ್ದರೆ, ವಿಂಡೋಸ್ ಅನ್ನು ಅಳಿಸದೆ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಿ. ಹಾಗೆ ಮಾಡುವವರು ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ಆಫ್ ಮಾಡಬೇಕು. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಏನನ್ನೂ ಬರೆಯಲಾಗದೆ ಹೋಗಬಹುದು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ, ಆ ಬೀಗ ತೆರೆಯುವ ರಿಕವರಿ ಕೀಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

ಲಿನಕ್ಸ್ ಹಲವು ಬಗೆಗಳಲ್ಲಿ ಸಿಗುತ್ತದೆ, ಅವುಗಳಿಗೆ ಡಿಸ್ಟ್ರೋ ಎನ್ನುತ್ತಾರೆ. ಯಾವ ಡಿಸ್ಟ್ರೋ ಎಂಬ ಚರ್ಚೆಯಲ್ಲಿ ಹೆಚ್ಚು ಕಾಲ ಕಳೆಯಬೇಕಾಗಿಲ್ಲ. ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ ಬೇಗ ಒಗ್ಗುತ್ತದೆ. ಅದನ್ನು ಖಾಲಿ ಪೆನ್ ಡ್ರೈವ್‌ಗೆ, ಕಂಪ್ಯೂಟರ್ ಅದರಿಂದಲೇ ಚಾಲೂ ಆಗುವಂತೆ (ಬೂಟ್ ಆಗುವಂತೆ) ಬರೆದು, ಇನ್‌ಸ್ಟಾಲ್ ಮಾಡದೆಯೇ ಅದರಿಂದ ಕಂಪ್ಯೂಟರ್ ಚಾಲೂ ಮಾಡಿದರೆ, ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಪರದೆ ಮರಳುತ್ತದೆಯೇ, ಪ್ರಿಂಟರ್ ಸ್ಪಂದಿಸುತ್ತದೆಯೇ ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ಮುಂದಿನ ಹೆಜ್ಜೆ ಇಡುವ ಮೊದಲು ಎಲ್ಲ ಕಡತಗಳ ಪ್ರತಿ ಬೇರೊಂದು ಡಿಸ್ಕ್‌ನಲ್ಲಿರಲಿ.

ಮೊದಲ ದಿನಗಳಲ್ಲಿ ಹೆಚ್ಚು ಎಡವುವುದು ತಂತ್ರಾಂಶ ಹಾಕಿಕೊಳ್ಳುವಾಗ. ಯಾವುದೋ ಜಾಲತಾಣದಿಂದ ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಬೇಕಾದುದನ್ನು ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿಯೇ ಹುಡುಕಿ. ಅಲ್ಲಿಂದ ಬಂದ ತಂತ್ರಾಂಶವು ವ್ಯವಸ್ಥೆಯೊಂದಿಗೇ ಅಪ್‌ಡೇಟ್ ಆಗುತ್ತದೆ, ಅದೇ ಅದರ ದೊಡ್ಡ ಅನುಕೂಲ. ಕಮಾಂಡ್‌ಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ಇಲ್ಲದೆಯೂ ದಿನನಿತ್ಯದ ಕೆಲಸ ಸಾಗುತ್ತದೆಯಾದರೂ, ನಾಲ್ಕಾರು ಕಮಾಂಡ್‌ಗಳು ಗೊತ್ತಿದ್ದರೆ ಧೈರ್ಯ ಬರುತ್ತದೆ. ‘ಸುಡೊ’ ಎಂದರೆ ಆ ಕಮಾಂಡನ್ನು ಆಡಳಿತಗಾರನ ಅಧಿಕಾರದಲ್ಲಿ ಓಡಿಸು ಎಂದು. ‘ಸುಡೊ ಆಪ್ಟ್ ಅಪ್‌ಡೇಟ್’ (sudo apt update) ಎಂಬುದು ಲಭ್ಯವಿರುವ ಪ್ಯಾಕೇಜ್‌ಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಪಟ್ಟಿಯನ್ನಷ್ಟೇ ಹೊಸದಾಗಿಸುತ್ತದೆ. ನಿಮ್ಮಲ್ಲಿರುವ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ನಿಜವಾಗಿ ಹಾಕುವುದು ‘ಸುಡೊ ಆಪ್ಟ್ ಅಪ್‌ಗ್ರೇಡ್’ (sudo apt upgrade). ಪಾಸ್‌ವರ್ಡ್ ಕೇಳಿದಾಗ ಹಲವು ಡಿಸ್ಟ್ರೋಗಳಲ್ಲಿ ಒತ್ತಿದ ಅಕ್ಷರಕ್ಕೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗದೆ ಪೂರ್ತಿ ಒತ್ತಿ ಎಂಟರ್ ಕೊಡಿ. ಟರ್ಮಿನಲ್‌ನಲ್ಲಿ ನಕಲು ಮಾಡಲು ಕಂಟ್ರೋಲ್ ಮತ್ತು ಸಿ ಜೊತೆಗೆ ಶಿಫ್ಟ್ ಕೂಡ ಬೇಕು, ಏಕೆಂದರೆ ಶಿಫ್ಟ್ ಇಲ್ಲದೆ ಒತ್ತಿದರೆ ನಡೆಯುತ್ತಿರುವ ಕೆಲಸವೇ ನಿಲ್ಲುತ್ತದೆ. ಎಲ್ಲಿಂದಲೋ ಸಿಕ್ಕ ಕಮಾಂಡನ್ನು, ಅದರ ಪ್ರತಿಯೊಂದು ಪದ ಏನು ಮಾಡುತ್ತದೆಂದು ತಿಳಿಯದೆ, ಸುಡೊ ಜೊತೆಗೆ ಎಂದಿಗೂ ಓಡಿಸಬೇಡಿ.

ಸಿ ಡ್ರೈವ್, ಡಿ ಡ್ರೈವ್ ಎಂಬ ವಿಭಾಗ ಇಲ್ಲಿಲ್ಲ. ನಿಮ್ಮದೆಲ್ಲ ಹೋಮ್ ಫೋಲ್ಡರ್‌ನಲ್ಲಿರುತ್ತದೆ.

ತೊಂದರೆ ಬಂದಾಗ ಪರದೆಯ ಮೇಲಿನ ಸಂದೇಶವನ್ನು ಕೊನೆಯವರೆಗೆ ಓದಿ, ಡಿಸ್ಟ್ರೋ ಹೆಸರು ಮತ್ತು ಆವೃತ್ತಿಯ ಸಂಖ್ಯೆಯೊಂದಿಗೆ ಅದನ್ನೇ ಹುಡುಕಿ. ದೊಡ್ಡ ಬದಲಾವಣೆಗೆ ಮುಂಚೆ ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ವ್ಯವಸ್ಥೆಯ ಆಗಿನ ಸ್ಥಿತಿಯ ಒಂದು ಪ್ರತಿಯನ್ನು (ಸ್ನ್ಯಾಪ್‌ಶಾಟ್) ತೆಗೆದಿಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಆದರೆ ಟೈಮ್‌ಶಿಫ್ಟ್ ತಾನಾಗಿ ಕಾಪಾಡುವುದು ವ್ಯವಸ್ಥೆಯ ಕಡತಗಳನ್ನು ಮಾತ್ರ; ನಿಮ್ಮ ಪತ್ರ, ಚಿತ್ರಗಳಿಗೆ ಪ್ರತ್ಯೇಕ ಬ್ಯಾಕಪ್ ಬೇಕೇ ಬೇಕು.