ಹನ್ನೊಂದು ಬ್ಯಾಚಿನಲ್ಲಿ ಮಾತ್ರೆಯ ಫಾರ್ಮುಲಾ ಹುಡುಕುವುದು ಹೇಗೆ?

ಲ್ಯಾಬಿಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಮಾತ್ರೆಯೊಳಗಿನ ಪುಡಿಗಳು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತವೆ. ಪುಡಿ ಮೆಷಿನ್ನಿಗೆ ಅಂಟದಿರಲಿ ಅಂತ ಹಾಕುವ ಮೆಗ್ನೀಷಿಯಂ ಸ್ಟಿಯರೇಟ್ ನೀರನ್ನು ಹತ್ತಿರ ಬಿಡುವುದಿಲ್ಲ. ಅದು ಜಾಸ್ತಿಯಾದರೆ, ನೀರು ಹೀರಿ ಉಬ್ಬಿ ಮಾತ್ರೆಯನ್ನು ಒಡೆಯಬೇಕಾದ ಕ್ರಾಸ್‌ಕಾರ್ಮೆಲ್ಲೋಸ್‌ಗೆ ನೀರೇ ತಡವಾಗಿ ಸಿಗುತ್ತದೆ. ಒಂದೊಂದಾಗಿ ಬದಲಿಸಿದರೆ ಈ ಜಗಳ ಕಾಣುವುದಿಲ್ಲ.

ಪ್ಯಾರಾಸಿಟಮಾಲ್ ಮಾತ್ರೆ ನೀರಿನಲ್ಲಿ ಬೇಗ ಒಡೆಯಬೇಕು, ಫ್ರೈಬಿಲಿಟಿ (ಉರುಳಿಸಿದಾಗ ಪುಡಿಯಾಗಿ ಉದುರುವ ತೂಕ) ಶೇ. 1 ದಾಟಬಾರದು ಅಂದುಕೊಳ್ಳಿ. ಮೂರು ಅಂಶಗಳಿಗೆ ತಲಾ ಎರಡು ಮಟ್ಟ ಇಡಿ: ಕ್ರಾಸ್‌ಕಾರ್ಮೆಲ್ಲೋಸ್ ಶೇ. 2 ಮತ್ತು 5, ಸ್ಟಿಯರೇಟ್ ಶೇ. 0.5 ಮತ್ತು 1.5, ಒತ್ತುವ ಬಲ 5 ಮತ್ತು 15 ಕಿಲೋನ್ಯೂಟನ್. ಎಲ್ಲ ಜೋಡಣೆ ಸೇರಿ 8 ಬ್ಯಾಚ್. ಜೊತೆಗೆ ನಡುಮಟ್ಟದ್ದೇ 3 ಬ್ಯಾಚ್: 3.5, 1, 10. ಮಾತ್ರೆಯ ತೂಕ ಬದಲಾಗದಂತೆ, ಗಾತ್ರ ತುಂಬಲು ಹಾಕುವ ಪುಡಿಯಾದ ಫಿಲ್ಲರ್‌ನಲ್ಲಿ ಸರಿದೂಗಿಸಿ. ಸ್ಟಿಯರೇಟ್ ಕೊನೆಗೆ ಹಾಕಿ, ಎಲ್ಲ ಬ್ಯಾಚನ್ನೂ ಸಮಾನ ನಿಮಿಷ ಕಲಸಿ.

ಈಗ ಹನ್ನೊಂದು ಚೀಟಿ ಬರೆದು ಎತ್ತಿ, ಬಂದ ಕ್ರಮದಲ್ಲೇ ಮಾಡಿ. ಇದನ್ನು ದಯವಿಟ್ಟು ಬಿಡಬೇಡಿ. ನನ್ನ ಮೊದಲ ಸಲ, ಮೆಷಿನ್ ಸೆಟ್ಟಿಂಗ್ ಪದೇ ಪದೇ ಬದಲಿಸುವುದು ಬೇಡ ಅಂತ ಕಡಿಮೆ ಬಲದ ನಾಲ್ಕನ್ನೂ ಒಂದೇ ದಿನ ಒತ್ತಿದೆ. ಮರುದಿನ ಮಳೆ, ರೂಮಿನಲ್ಲಿ ತೇವ. ಮಾತ್ರೆ ಬೇರೆಯಾಗಿದ್ದು ಬಲದಿಂದಲೋ ಹವೆಯಿಂದಲೋ ಹೇಳಲಾಗಲಿಲ್ಲ. ಎಲ್ಲವನ್ನೂ ಮತ್ತೆ ಮಾಡಿದೆ.

ಸಾಫ್ಟ್‌ವೇರ್ ತೆರೆಯುವ ಮೊದಲು ಕೈಯಲ್ಲೇ ಲೆಕ್ಕ ಹಾಕಿ. ಸ್ಟಿಯರೇಟ್ ಹೆಚ್ಚಿದ್ದ ನಾಲ್ಕು ಬ್ಯಾಚಿನ ಒಡೆಯುವ ಸಮಯದ ಸರಾಸರಿಯಿಂದ, ಕಡಿಮೆ ಇದ್ದ ನಾಲ್ಕರ ಸರಾಸರಿ ಕಳೆಯಿರಿ. ಅದೇ ಸ್ಟಿಯರೇಟ್‌ನ ಪರಿಣಾಮ. ಕ್ರಾಸ್‌ಕಾರ್ಮೆಲ್ಲೋಸ್ ಶೇ. 2 ಇದ್ದಾಗ ಒಂದು ಸಲ, ಶೇ. 5 ಇದ್ದಾಗ ಒಂದು ಸಲ ಇದೇ ಕಳೆಯುವ ಲೆಕ್ಕ ಮಾಡಿ. ಎರಡು ಉತ್ತರ ಬೇರೆ ಬೇರೆ ಬಂದರೆ, ಆ ಜಗಳ ಅಲ್ಲೇ ಇದೆ. ಆದರೆ ನಡುವಿನ ಮೂರು ಬ್ಯಾಚ್ ತಮ್ಮಲ್ಲೇ ಎಷ್ಟು ಏರುಪೇರಾಗಿವೆ ಅಂತ ನೋಡಿ. ನಿಮ್ಮ ವ್ಯತ್ಯಾಸ ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದಿದ್ದರೆ ಮಾತ್ರ ನಂಬಿ.

ಆ ಮೂರರ ಸರಾಸರಿ, ಎಂಟರ ಸರಾಸರಿಯಿಂದ ತುಂಬಾ ದೂರ ಇದೆಯಾ? ಹಾಗಾದರೆ ಸಂಬಂಧ ನೇರ ಗೆರೆಯಲ್ಲ, ಬಾಗಿದೆ. ಸಂಖ್ಯಾಶಾಸ್ತ್ರಜ್ಞ ಬಾಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲ್ಸನ್ 1951ರಲ್ಲಿ ತೋರಿಸಿದ ದಾರಿ ಹಿಡಿಯಿರಿ: ಎರಡು ಅಂಶ ನಡುವಿನಲ್ಲೇ ಇಟ್ಟು, ಒಂದನ್ನು ಮಾತ್ರ ಎರಡೂ ತುದಿಗೆ ಒಯ್ಯುವ 6 ಬ್ಯಾಚ್ ಸೇರಿಸಿ. ಜೊತೆಗೆ ನಡುವಿನದ್ದೂ ಇನ್ನೊಮ್ಮೆ ಮಾಡಿ, ದಿನ ಬದಲಾದದ್ದರ ವ್ಯತ್ಯಾಸ ತಿಳಿಯುತ್ತದೆ.

ಈ ಲೆಕ್ಕ ಒಳ್ಳೆಯದೆಂದು ತೋರಿಸಿದ ಫಾರ್ಮುಲಾದಲ್ಲಿ ಹೊಸದಾಗಿ ಮೂರು ಬ್ಯಾಚ್ ಒತ್ತಿ. ಲೆಕ್ಕ ಹೇಳಿದಷ್ಟೇ ಸಮಯದಲ್ಲಿ ಅವು ಒಡೆದರೆ, ಸ್ಟೆಬಿಲಿಟಿಗೆ, ಅಂದರೆ ಕಾಲ ಕಳೆದಂತೆ ಕೆಡುತ್ತವೆಯೇ ಅಂತ ನೋಡುವ ಪರೀಕ್ಷೆಗೆ, ಇಡಿ.